ಒಂದು ನಂಬರಿನ ಮನೆಗಳು

ಸೋಮವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಗೆಳತಿಯ ಲ್ಯಾಪ್‌ಟಾಪಿನ ಕಪ್ಪು ತೆರೆಯ ಮೇಲೆ ಕೆಂಪು ಅಕ್ಷರದ ಒಂದು ಸಾಲು ಬಂತು. ಈ ಫೋನ್ ನಂಬರ್ ಆಗಲೇ ಇದೆ, ಇನ್ನೊಂದು ಸಲ ಸೇರಿಸಲು ಬರುವುದಿಲ್ಲ ಎಂದು ಅದರ ಅರ್ಥ. ನಾನು ಗಡಿಯಾರ ನೋಡಿದ್ದು ಬೇರೆ ಕಾರಣಕ್ಕೆ. ಇಳಕಲ್ಲಿನಿಂದ ಹುನಗುಂದಕ್ಕೆ ಮರಳುವ ನನ್ನ ಬಸ್ಸು ತಪ್ಪಬಾರದಿತ್ತು. ಹೀಗಾಗಿ ಆ ಹೊತ್ತು ತಲೆಯಲ್ಲಿ ಕೂತುಬಿಟ್ಟಿದೆ. ಮಲಪ್ರಭೆಗೆ ನೀರು ಬಂದದ್ದು ಅದಾಗಿ ಎಷ್ಟೋ ವಾರಗಳ ಮೇಲೆ. ಆದರೂ ಎಲ್ಲ ಯಾವಾಗ ಕೆಟ್ಟಿತು ಎಂದು ಯಾರಾದರೂ ಕೇಳಿದರೆ ನನಗೆ ಹೊಳೆ ಕಾಣುವುದಿಲ್ಲ. ಆ ಕೆಂಪು ಸಾಲು ಕಾಣುತ್ತದೆ.

ನಾವಿಬ್ಬರೂ ಬಾಗಲಕೋಟೆಯಲ್ಲಿ ಕೂಡಿ ಓದಿದವರು. ನಾನು ಹುನಗುಂದದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಅವಳು ಇಳಕಲ್ಲಿನಲ್ಲಿ ಸೀರೆ ವ್ಯಾಪಾರಿಗಳಿಗೆ ಲೆಕ್ಕ ಮತ್ತು ಸ್ಟಾಕಿನ ಸಾಫ್ಟ್‌ವೇರ್ ಮಾಡಿಕೊಡುತ್ತಾಳೆ. ಅವಳ ಅಂಗಡಿಯ ಗೋಡೆಗೆ ಹತ್ತಿಕೊಂಡೇ ಪವರ್‌ಲೂಮ್ ಇದೆ. ಮೇಜಿನ ಮೇಲಿನ ನೀರಿನ ಲೋಟದಲ್ಲಿ ಇಡೀ ದಿನ ಸಣ್ಣ ಸಣ್ಣ ಉಂಗುರಗಳು ಏಳುತ್ತಿರುತ್ತವೆ.

ಬಾದಾಮಿಯ ನಿವೃತ್ತ ಮಾಸ್ತರರೊಬ್ಬರು ಹೊಳೆದಂಡೆಯ ಊರುಗಳಿಗೆ ನೀರಿನ ಸುದ್ದಿ ಮುಟ್ಟಿಸುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದರು. ಮೇಲೆ ಘಟ್ಟದಲ್ಲಿ ಮಳೆಯಾಗಿ ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಕಡೆ ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. ಬಿಸಿಲಿನಲ್ಲಿ ಹೊಳೆ ಏರುತ್ತದೆ. ಅಧಿಕೃತ ಡಂಗುರ ಊರಿಗೆ ಬರುತ್ತದೆ. ಊರಾಚೆ ಹೊಲದಲ್ಲಿ ಮನೆ ಮಾಡಿಕೊಂಡವರಿಗೆ ಅದು ಕೇಳಿಸುವುದಿಲ್ಲ. ಹಾಗಾಗಿ ಮಾಸ್ತರರು ನಾಲ್ಕಾರು ಜನರನ್ನು ಕೂರಿಸಿಕೊಂಡು ಹೊಲದ ಮನೆಗಳಿಗೆಲ್ಲ ತಾವೇ ಫೋನು ಮಾಡಿಸುತ್ತಿದ್ದರು. ವಯಸ್ಸಾಗುತ್ತ ಬಂತು, ಗಂಟಲು ಬಿತ್ತು, ಕೂಡುವವರೂ ಕಡಿಮೆಯಾದರು. ಇದನ್ನು ಕಂಪ್ಯೂಟರಿಗೆ ಹಾಕಿಕೊಡು ಎಂದು ಗೆಳತಿಯನ್ನು ಕೇಳಿದರು. ಅವಳು ಒಪ್ಪಿಕೊಂಡದ್ದಕ್ಕೆ ಒಂದೇ ಕಾರಣವಿತ್ತು. ಅವಳ ಅಕ್ಕನನ್ನು ಕೊಟ್ಟದ್ದು ಐಹೊಳೆಯ ಆಚೆ, ಹೊಳೆಯ ದಂಡೆಯ ಒಂದು ಊರಿಗೆ. ಅಕ್ಕ ಭಾವ ಇದ್ದದ್ದು ಊರಲ್ಲಲ್ಲ, ಹಳ್ಳ ದಾಟಿ ಹೊಲದ ಮನೆಯಲ್ಲಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಹಳ್ಳ. ಹೊಳೆ ತುಂಬಿದರೆ ಮೊದಲು ನೀರು ಹಿಮ್ಮುಖವಾಗಿ ಹಳ್ಳಕ್ಕೆ ನುಗ್ಗುತ್ತದೆ, ಊರಿನ ದಾರಿ ಮುಚ್ಚುತ್ತದೆ. ಮನೆಗೆ ನೀರು ಬರುವುದು ಆಮೇಲೆ. ಹಾಗಾಗಿ ಅವರಿಗೆ ಬೇರೆಯವರಿಗಿಂತ ಮೊದಲು ಸುದ್ದಿ ಬೇಕಿತ್ತು.

ಆ ಸೋಮವಾರ ಬೆಳಗಿನಿಂದ ಅವಳು ಹೊಸ ಪ್ರಾಜೆಕ್ಟಿನ ಅಡಿಪಾಯ ಹಾಕುತ್ತಿದ್ದಳು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳನ್ನು ಓಡಿಸುವ ಹೊಸ ರನ್‌ಟೈಮ್ ಒಂದನ್ನು ಇಳಿಸಿಕೊಂಡಿದ್ದಳು. ಅದು ಭಾಳ ವೇಗವೆಂದು ಅವಳಿಗೆ ಹೆಮ್ಮೆ. ಅದರೊಳಗೆ ಡೇಟಾಬೇಸಿನ ಜೊತೆ ಮಾತಾಡುವ ಟೂಲ್‌ಕಿಟ್ ಕೂರಿಸಬೇಕು. ಕಮಾಂಡ್ ಕೊಟ್ಟಳು, ಒಂದು ಫೋಲ್ಡರ್ ಹುಟ್ಟಿತು, ಅದರೊಳಗೆ ಸ್ಕೀಮಾ ಎಂಬ ಖಾಲಿ ಫೈಲು. ಕೋಷ್ಟಕದಲ್ಲಿ ಏನೇನು ಇರಬೇಕು, ಯಾವುದು ಎರಡು ಸಲ ಬರಬಾರದು ಎಂದು ಅದರಲ್ಲಿ ಬರೆದರೆ ಟೂಲ್‌ಕಿಟ್ ತಾನೇ ಕೋಷ್ಟಕ ಕಟ್ಟುತ್ತದೆ. ಊಟದ ಹೊತ್ತಿನವರೆಗೂ ಅದು ಕಟ್ಟಲಿಲ್ಲ. ಇಳಿಸಿಕೊಂಡ ಕೂಡಲೇ ತಾನಾಗಿ ಆಗಬೇಕಾದ ಒಂದು ಹೆಜ್ಜೆಯನ್ನು ಈ ರನ್‌ಟೈಮ್ ಸುರಕ್ಷತೆಗೆಂದು ತಡೆಹಿಡಿದಿತ್ತು. ನಾವೇ ಕೈಯಾರೆ ಮಾಡಬೇಕಿತ್ತು. ಅದು ಗೊತ್ತಾಗುವಷ್ಟರಲ್ಲಿ ಅವಳಿಗೆ ತಲೆನೋವು ಶುರುವಾಗಿತ್ತು. ಸ್ಕೀಮಾ ಹೊಸದಾಗಿ ಬರೆಯುವ ಬದಲು ಸೀರೆ ಅಂಗಡಿಗಳಿಗೆ ಮಾಡಿದ್ದ ಗಿರಾಕಿಗಳ ಕೋಷ್ಟಕವನ್ನೇ ತಂದು ಅಂಟಿಸಿದಳು. ಗಿರಾಕಿ ಎಂಬ ಕಡೆ ಮನೆ ಎಂದು ತಿದ್ದಿದಳು.

ಇಳಕಲ್ಲಿನ ಸೀರೆ ಅಂಗಡಿಗೆ ಯಾರು ಹೋದರೂ ಹೆಸರು ಕೇಳುವುದಿಲ್ಲ. ನಂಬರ್ ಹೇಳ್ರಿ ಎನ್ನುತ್ತಾರೆ. ನಂಬರ್ ಹೊಡೆದರೆ ನೀವು ಹೋದ ವರ್ಷ ಮದುವೆಗೆ ಒಯ್ದ ಸೀರೆಯ ದಡಿಯ ಬಣ್ಣದವರೆಗೆ ಎಲ್ಲ ಬರುತ್ತದೆ. ಅಲ್ಲಿ ಒಂದು ನಂಬರಿಗೆ ಒಬ್ಬ ಗಿರಾಕಿ. ಹಾಗಾಗಿ ಆ ಕೋಷ್ಟಕದಲ್ಲಿ ಫೋನ್ ನಂಬರಿನ ಮುಂದೆ ಒಂದು ಸಣ್ಣ ಗುರುತು ಇತ್ತು. ಇದು ಎರಡು ಸಲ ಬರಕೂಡದು ಎಂದು ಹೇಳುವ ಗುರುತು. ನನಗೂ ಅದು ವಿಚಿತ್ರ ಅನಿಸಲಿಲ್ಲ. ನಾನು ಬಾಗಲಕೋಟೆಯ ನವನಗರದಲ್ಲಿ ಬೆಳೆದವಳು. ನಮ್ಮ ಹಳೆಯ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನಮಗೆ ಸೆಕ್ಟರ್ ನಂಬರ್ ಮತ್ತು ಸೈಟ್ ನಂಬರ್ ಸಿಕ್ಕಿತು. ಮನೆಯೆಂದರೆ ನಂಬರೆಂದೇ ಕಲಿತಿದ್ದೆ.

ಮಾಸ್ತರರು ಕಳಿಸಿದ ಪಟ್ಟಿಯನ್ನು ಒಳಗೆ ತುಂಬಿಸುವಾಗ ಆ ಕೆಂಪು ಸಾಲು ಬಂತು. ಅವಳು ಕಣ್ಣುಜ್ಜಿಕೊಂಡು ನಕ್ಕಳು.

“ಮಾಸ್ತರ್‌ಗೆ ಹಾಜರಿ ಕರದು ಕರದು ರೂಢಿ ಆಗೇತಿ. ಒಂದ ಮನಿ ಎರಡೆರಡು ಸಲ ಕರದಾರ.”

ಒಂದು ಪದ ಬದಲಿಸಿದಳು. ಸೇರಿಸು ಎಂದಿದ್ದ ಕಡೆ, ಇದ್ದರೆ ತಿದ್ದು ಇಲ್ಲದಿದ್ದರೆ ಸೇರಿಸು ಎಂದಾಯಿತು. ಮತ್ತೆ ಓಡಿಸಿದಳು. ಈ ಸಲ ಕೆಂಪು ಬರಲಿಲ್ಲ. ಹಸಿರು ಬಂತು. ಪಟ್ಟಿಯಲ್ಲಿ ಇದ್ದದ್ದಕ್ಕಿಂತ ಕೋಷ್ಟಕದಲ್ಲಿ ಸಾಲುಗಳು ಕಡಿಮೆ ಇದ್ದವು. ಎರಡೆರಡು ಸಲ ಬಂದದ್ದು ಹೋಯಿತು, ಸ್ವಚ್ಛ ಆಯಿತು ಎಂದಳು. ನಾನು ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡಿದೆ.

ಹೊಳೆದಂಡೆಯಲ್ಲಿ ನಂಬರೆಂದರೆ ಏನು ಎಂಬುದು ನಮಗೆ ಗೊತ್ತಿರಬೇಕಿತ್ತು. ಹೊಲದ ಮನೆಗಳು ತಗ್ಗಿನಲ್ಲಿವೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಭಾವನ ಹತ್ತಿರ ಫೋನಿತ್ತು, ಊರಿಗೆ ಬಂದಾಗ ಮಾತ್ರ ಅದು ಜೀವ ಪಡೆಯುತ್ತಿತ್ತು. ಹಾಗಾಗಿ ಮಾಸ್ತರರು ನಂಬರ್ ಕೇಳಿದಾಗ ಹೊಲದ ಮನೆಯವರೆಲ್ಲ ಊರೊಳಗಿನ ಕಿರಾಣಿ ಅಂಗಡಿಯವನ ನಂಬರ್ ಕೊಟ್ಟಿದ್ದರು. ಸುದ್ದಿ ಬಂದರೆ ಅವನು ಸೈಕಲ್ ಹತ್ತಿ ಒಂದೊಂದು ಮನೆಗೂ ಹೋಗಿ ಹೇಳಿ ಬರುತ್ತಿದ್ದ. ಅದು ಅಲ್ಲಿಯ ಪದ್ಧತಿ, ಯಾರೂ ಅದನ್ನು ದೊಡ್ಡದೆಂದು ತಿಳಿದಿರಲಿಲ್ಲ. ಮಾಸ್ತರರ ಪಟ್ಟಿಯಲ್ಲಿ ಆ ಅಂಗಡಿಯವನ ನಂಬರ್ ಹಲವು ಮನೆಗಳ ಮುಂದೆ ಇತ್ತು. ಕೋಷ್ಟಕದಲ್ಲಿ ಒಂದೇ ಸಾಲು ಉಳಿಯಿತು. ಪ್ರತಿಯೊಂದು ಮನೆ ತನ್ನ ಹಿಂದಿನದನ್ನು ಅಳಿಸಿ ಕೂತಿತು. ಕೊನೆಗೆ ಬಂದ ಮನೆ ಮಾತ್ರ ಉಳಿಯಿತು. ಅದು ಅಕ್ಕನದಾಗಿರಲಿಲ್ಲ.

ಮುಂದಿನ ವಾರ ಧ್ವನಿ ಮುದ್ರಿಸಬೇಕೆಂದು ಕರೆದಳು. ಫೋನು ತಾನಾಗಿ ಹೋಗಿ ಮಾತಾಡಬೇಕು, ಅದಕ್ಕೊಂದು ದನಿ ಬೇಕು, ಕಾಲೇಜಿನಲ್ಲಿ ಹಿಂದಿನ ಬೆಂಚಿಗೂ ಕೇಳುವ ದನಿ ನಿನ್ನದು ಎಂದಳು. ಮೊದಲು ನಾನು ಪುಸ್ತಕದ ಭಾಷೆಯಲ್ಲಿ ಓದಿದೆ. ನದಿಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕಾಗಿ ವಿನಂತಿ ಎಂದೆ. ಅವಳು ತಲೆ ಹಿಡಿದುಕೊಂಡಳು.

“ಇದನ್ನ ಕೇಳಿದ್ರ ನಮ್ಮಕ್ಕ ರೇಡಿಯೋ ಅಂತ ತಿಳದು ಮಗ್ಗಲ ಬದಲಿಸಿ ಮಲಗ್ತಾಳ. ಮನಿ ಮಾತಿನ್ಯಾಗ ಹೇಳ.”

ಹಾಗಾಗಿ ಮನೆ ಮಾತಿನಲ್ಲೇ ಹೇಳಿದೆ. ಹೊಳಿಗೆ ನೀರ ಬಿಟ್ಟಾರ್ರಿ, ನಾಳೆ ಬರ್ತೈತಿ, ದನಾ ಕರಾ ಹೊಡಕೊಂಡು ಮ್ಯಾಲ ಬರ್ರಿ. ಈ ಮನಿಯವರಿಗೆ ತಪ್ಪದ ಹೇಳ್ರಿ. ಆಮೇಲೆ ಮನೆಯ ಹೆಸರು, ಕೇಳಿಸಿದ್ದರೆ ಒಂದು ಒತ್ತಿರಿ ಎಂಬ ಮಾತು. ಮನೆಗಳ ಹೆಸರನ್ನೂ ನಾನೇ ಒಂದೊಂದಾಗಿ ಓದಿದೆ, ಕೋಷ್ಟಕದಲ್ಲಿ ಇದ್ದಷ್ಟನ್ನು. ಅಕ್ಕನ ಮನೆಯ ಹೆಸರು ಓದಿದ ನೆನಪು ನನಗಿಲ್ಲ. ಆಗ ಅದು ಹೊಳೆಯಲಿಲ್ಲ. ಹೆಸರುಗಳು ಬಹಳ ಇದ್ದವು, ಗಂಟಲು ಒಣಗಿತ್ತು, ಮಗ್ಗದ ಸದ್ದು ನಿಂತಾಗ ಮಾತ್ರ ಓದಬೇಕಿತ್ತು.

ಪರೀಕ್ಷೆಗೆಂದು ಮೊದಲ ಫೋನು ಆ ಕಿರಾಣಿ ಅಂಗಡಿಗೇ ಹೋಯಿತು. ಅಂಗಡಿಯವನು ಮುದ್ರಿಸಿದ ದನಿಗೆ ಹ್ಞೂಂ ಯವ್ವಾ, ಆತ್ ತಗೋ, ಹೇಳ್ತೇನಿ, ಊಟ ಆತೇನು ಎಂದು ಉತ್ತರ ಕೊಡುತ್ತ ಹೋದನಂತೆ. ದನಿ ತನ್ನ ಪಾಡಿಗೆ ಒಂದು ಒತ್ತಿರಿ ಎಂದಾಗ ಎಷ್ಟು ಸೊಕ್ಕಿನ ಹೆಣ್ಣು ಎಂದು ಬೈದು ಒತ್ತಿದನಂತೆ. ಇದನ್ನು ಅವನೇ ಅಕ್ಕನಿಗೆ ಹೇಳಿ, ಅಕ್ಕ ತಂಗಿಗೆ ಹೇಳಿ, ನಾವು ಎಷ್ಟು ದಿನ ನಕ್ಕೆವೋ. ಆಮೇಲೊಮ್ಮೆ ಅಕ್ಕನ ಊರಿಗೆ ಹೋದಾಗ ಗೆಳತಿ ಅಕ್ಕನಿಗೆ ಒಂದು ಮಾತು ಹೇಳಿ ಬಂದಿದ್ದಳು. ಅಲ್ಲಿಯವರೆಗೆ ಪ್ರತಿ ಸಲ ನೀರು ಬಿಟ್ಟಾಗ ಅವಳು ತಾನೇ ಅಂಗಡಿಗೆ ಫೋನು ಮಾಡಿ ಅಕ್ಕನಿಗೆ ಹೇಳಿ ಕಳಿಸುತ್ತಿದ್ದಳು. ಇನ್ನು ಮೇಲೆ ನಾನು ಮಾಡುವುದಿಲ್ಲ, ಮಷಿನ್ ಮಾಡುತ್ತದೆ, ಮಷಿನ್ ಮರೆಯುವುದಿಲ್ಲ ಎಂದಿದ್ದಳು. ಅಕ್ಕ ಅದಕ್ಕೆ, ನೀನೂ ಮರತಿಲ್ಲಲ್ಲ ಅಂದಿದ್ದಳಂತೆ.

ನೀರು ಬಿಟ್ಟ ಸುದ್ದಿ ಬಂದದ್ದು ಒಂದು ಸಂಜೆ. ಮಾಸ್ತರರು ಬಾದಾಮಿಯಿಂದ ಹೇಳಿದರು, ಅವಳು ಇಳಕಲ್ಲಿನಲ್ಲಿ ಗುಂಡಿ ಒತ್ತಿದಳು, ನಾನು ಪಕ್ಕದಲ್ಲಿದ್ದೆ. ಶಿವಯೋಗ ಮಂದಿರದ ಕಡೆಯಿಂದ ಕೂಡಲಸಂಗಮದವರೆಗೆ ಊರುಗಳ ಹೆಸರು ತೆರೆಯ ಮೇಲೆ ಸಾಲಾಗಿ ನಿಂತವು. ಒಂದೊಂದರ ಮುಂದೆ ಹಸಿರು ಗುರುತು ಬೀಳುತ್ತ ಹೋಯಿತು. ಹಿಂದೆ ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಚಹಾ ಆರುವುದರೊಳಗೆ ಮುಗಿಯಿತು. ಅಕ್ಕನ ಊರಿನ ಅಂಗಡಿಯವನೂ ಒಂದು ಒತ್ತಿದ್ದ. ಅವಳು ಅಭ್ಯಾಸಬಲದಿಂದ ಭಾವನ ಫೋನಿಗೆ ಮಾಡಿ ನೋಡಿದಳು. ವ್ಯಾಪ್ತಿಯ ಹೊರಗಿದ್ದಾರೆ ಎಂದಿತು. ಅದು ಯಾವಾಗಲೂ ಹಾಗೇ ಅನ್ನುತ್ತಿತ್ತು. ಹಸಿರು ಗುರುತು ನೋಡಿ ಫೋನು ಕೆಳಗಿಟ್ಟಳು. ಮಾಸ್ತರರು ಫೋನಿನಲ್ಲಿ ಅತ್ತುಬಿಟ್ಟರು, ಸಂತೋಷಕ್ಕೆ. ನಾನು ಆ ರಾತ್ರಿ ಅವಳ ಮನೆಯಲ್ಲೇ ಉಳಿದೆ, ಇಬ್ಬರೂ ಚೆನ್ನಾಗಿ ಮಲಗಿದೆವು. ನೀರು ಅಕ್ಕನ ಹೊಲಕ್ಕೆ ಮುಟ್ಟಲು ಒಂದಿಡೀ ರಾತ್ರಿ ಇತ್ತು. ಅಕ್ಕ ಭಾವ ಬೆಳದಿಂಗಳಲ್ಲಿ ನಡೆದುಕೊಂಡು ಬರಬಹುದಿತ್ತು, ಎಮ್ಮೆಗಳನ್ನು ದಾರಿಯಲ್ಲಿ ಮೇಯಿಸಿಕೊಂಡು.

ಬೆಳಿಗ್ಗೆ ಅಂಗಡಿಯವನ ಫೋನು ಬಂತು. ಸ್ಪೀಕರ್ ಮೇಲಿಟ್ಟು ಅವಳು ಜಡೆ ಹಾಕಿಕೊಳ್ಳುತ್ತಿದ್ದಳು.

“ನಿಮ್ಮ ಅಕ್ಕಾರ ಮನಿಯಿಂದ ಯಾರೂ ಊರಾಗ ಬಂದಿಲ್ಲಲ್ರಿ. ಬ್ಯಾರೆ ಕಡೆ ಹೋಗ್ಯಾರೇನು?”

“ನಿನ್ನೆ ನಿಮಗ ಫೋನ್ ಬಂದಿತ್ತಲ್ರಿ?”

“ಬಂದಿತ್ರಿ. ಒಂದ ಮನಿ ಹೆಸರು ಹೇಳ್ತು, ಅವರಿಗೆ ಹೇಳಿ ಬಂದೆ. ಉಳದವರು ಹಳ್ಳದ ಈಚೆ ಅದಾರ, ನೀರ ನೋಡಿ ತಾವ ಎದ್ದ ಬಂದಾರ. ಅಕ್ಕಾರಿಗೆ ನೀವ ಬ್ಯಾರೆ ಯಾರ ಕೈಯಾಗರ ಹೇಳಿ ಕಳಿಸೀರಿ ಅಂದ್ಕೊಂಡೆ, ನಿಮ್ಮದ ಮಷಿನ್ ಅಲ್ಲೇನ್ರಿ. ಈಗ ಹಳ್ಳ ತುಂಬೈತಿ, ಹೋಗಾಕ ಬರೂದಿಲ್ಲ.”

ಅವಳ ಕೈ ಜಡೆಯಲ್ಲೇ ನಿಂತಿತು. ಸ್ಕೂಟರಿನ ಕೀಲಿ ನಾನು ತೆಗೆದುಕೊಂಡೆ.

ಹುನಗುಂದ ದಾಟಿದೆವು, ಅಮೀನಗಡ ದಾಟಿದೆವು. ಕರದಂಟಿನ ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಎಲ್ಲ ಕಡೆ ಬಿಸಿಲು, ಒಣ ರಸ್ತೆ, ಸಜ್ಜೆಯ ಹೊಲಗಳು. ಐಹೊಳೆಯ ಗುಡಿಗಳ ಮುಂದೆ ಪ್ರವಾಸಿಗಳ ಬಸ್ಸೊಂದು ನಿಂತಿತ್ತು, ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವಳು ನನ್ನ ಬೆನ್ನಿಗೆ ಹಣೆ ಒತ್ತಿ ಕೂತಿದ್ದಳು. ಒಂದೇ ಒಂದು ಸಲ ಮಾತಾಡಿದಳು.

“ಅದು ಹೇಳಿತ್ತ. ಕೆಂಪು ಅಕ್ಷರದಾಗ ಹೇಳಿತ್ತ.”

ಊರಿನ ಕೊನೆಯಲ್ಲಿ, ಹಳ್ಳಕ್ಕೆ ಇಳಿಯುವ ದಾರಿಯ ಬಾಯಲ್ಲಿ ಜನ ಕೂಡಿದ್ದರು. ದಾರಿ ಇರಲಿಲ್ಲ. ಕೆಂಪುಮಣ್ಣಿನ ನೀರು ಜಾಲಿಗಿಡಗಳ ತಲೆಯವರೆಗೆ ತುಂಬಿ, ಸದ್ದೇ ಇಲ್ಲದೆ ಜಾರುತ್ತಿತ್ತು. ಆಚೆ ದಂಡೆಯಲ್ಲಿ ಅಕ್ಕನ ಮನೆಯ ತಗಡು ಕಾಣುತ್ತಿತ್ತು. ಅದರ ಪಕ್ಕ ಹೊಲದೊಳಗೊಂದು ಹಳೆಯ ಕಲ್ಲಿನ ಗುಡಿ. ನಮ್ಮ ಕಡೆ ಹೊಲಗಳಲ್ಲಿ ಅಂಥವು ಎಷ್ಟೋ ಇವೆ. ದೇವರಿಲ್ಲ, ಅದರೊಳಗೆ ಜನ ಮೇವು ಒಟ್ಟುತ್ತಾರೆ. ಅದರ ಮೇಲುಹಾಸಿನ ಮೇಲೆ ಅಕ್ಕ ಮತ್ತು ಭಾವ ಇದ್ದರು. ಅಕ್ಕ ಕೈ ಎತ್ತಿ ತೋರಿಸಿದಳು. ಎಮ್ಮೆಗಳು ಗುಡಿಯ ಕಟ್ಟೆಯ ಮೇಲೆ ಕಂಬಕ್ಕೆ ಕಟ್ಟಿಸಿಕೊಂಡು ನಿಂತಿದ್ದವು, ನೀರು ಅವುಗಳ ಮೊಣಕಾಲಿಗಿತ್ತು.

ಬೋಟು ಬರುತ್ತಿದೆ, ದಾರಿಯಲ್ಲಿದೆ ಎಂದು ಮಾಸ್ತರರು ಫೋನಿನಲ್ಲಿ ಹೇಳುತ್ತಿದ್ದರು. ಕಾಯುವುದೊಂದೇ ಉಳಿದಿತ್ತು. ಯಾರೋ ನಮಗೆ ಚಹಾ ತಂದುಕೊಟ್ಟರು. ಒಬ್ಬ ಮುದುಕ ಕಲ್ಲಿನ ಗುಡಿ ಭಾಳ ಗಟ್ಟಿ, ಏನಾಗೂದಿಲ್ಲ ಎಂದು ಅವಳಿಗೆ ಹೇಳಿದ, ಮತ್ತೆ ಮತ್ತೆ ಹೇಳಿದ. ಅದು ಖರೆ. ಗುಡಿಗೆ ಏನೂ ಆಗಲಿಲ್ಲ, ಈಗಲೂ ಇದೆ. ಮೇಲೆ ಕೂತಿದ್ದರೆ ಭಾವನಿಗೂ ಏನೂ ಆಗುತ್ತಿರಲಿಲ್ಲ.

ಬೋಟು ಹೊತ್ತ ಲಾರಿ ಊರೊಳಗೆ ಬಂದ ಸದ್ದಾಯಿತು. ಎಲ್ಲರೂ ಅತ್ತ ತಿರುಗಿದರು. ಅವಳು ಲಾರಿಯ ಕಡೆ ಓಡಿದಳು. ಆಚೆ ಅಕ್ಕನೂ ಬೆನ್ನು ತಿರುಗಿಸಿ ಗಂಟು ಕಟ್ಟುತ್ತಿದ್ದಳು. ನಾನೊಬ್ಬಳೇ ನೀರಿನ ಕಡೆ ನೋಡುತ್ತಿದ್ದೆ. ಭಾವ ಕುಡುಗೋಲು ಹಿಡಿದು ಗುಡಿಯ ಮೂಲೆಯಿಂದ ಕಟ್ಟೆಗೆ ಇಳಿದರು. ಬೋಟಿನಲ್ಲಿ ಎಮ್ಮೆಗಳಿಗೆ ಜಾಗವಿಲ್ಲ, ಹಗ್ಗ ಕೊಯ್ದರೆ ಈಸಿಕೊಂಡಾದರೂ ಹೋಗುತ್ತವೆ ಎಂದು ಇಳಿದಿರಬೇಕು. ಮೊದಲ ಎಮ್ಮೆಯ ಹಗ್ಗ ಕೊಯ್ದರು, ಅದು ಹೋಯಿತು. ಎರಡನೆಯದರ ಹಗ್ಗ ಕೊಯ್ದರು, ಅದು ಹೆದರಿ ಗಕ್ಕನೆ ಅವರ ಕಡೆಗೇ ತಿರುಗಿತು. ಹೆಗಲ ಮೇಲಿನ ಟವೆಲು ಒಂದು ಕ್ಷಣ ಕಂಡಿತು. ಆಮೇಲೆ ಕಟ್ಟೆಯ ಮೇಲೆ ಎಮ್ಮೆಯೂ ಇರಲಿಲ್ಲ, ಅವರೂ ಇರಲಿಲ್ಲ. ನನ್ನ ಬಾಯಿಂದ ದನಿ ಹೊರಡಲಿಲ್ಲ. ಹಿಂದಿನ ಬೆಂಚಿಗೂ ಕೇಳುವ ದನಿ.

ಬೋಟು ಅಕ್ಕನನ್ನು ಕರೆತಂದಿತು. ಭಾವ ಸಿಕ್ಕದ್ದು ಮರುದಿನ, ಕೂಡಲಸಂಗಮದ ಕಡೆ ಕೆಳಗೆ, ಜಾಲಿಯ ಮೆಳೆಯಲ್ಲಿ. ಅವರ ಮನೆತನದಲ್ಲಿ ತಮ್ಮ ತಮ್ಮ ಹೊಲದಲ್ಲೇ ಮಣ್ಣು ಮಾಡುವ ಪದ್ಧತಿ. ಹೊಲ ನೀರಿನಲ್ಲಿತ್ತು. ಊರಿನವರೊಬ್ಬರು ತಮ್ಮ ಎತ್ತರದ ಹೊಲದಲ್ಲಿ ಜಾಗ ಕೊಟ್ಟರು. ಕೂರಿಸಿ ಮಣ್ಣು ಮುಚ್ಚುವಾಗ ಅಕ್ಕ ಅಳಲಿಲ್ಲ. ಇದು ಯಾರ ಹೊಲ ಎಂದು ಪಕ್ಕದವರನ್ನು ಕೇಳುತ್ತಿದ್ದಳು.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯಲು ಬಹಳವಿಲ್ಲ. ಗೆಳತಿ ಅಂಗಡಿ ತೆರೆಯಲಿಲ್ಲ. ಸೀರೆ ವ್ಯಾಪಾರಿಗಳು ಬಂದು ಬಾಗಿಲು ಬಡಿದು ಹೋದರು. ನಾನು ಪ್ರತಿ ಶನಿವಾರ ಹೋಗುತ್ತಿದ್ದೆ, ಇಬ್ಬರೂ ಗೋಡೆಗೆ ಒರಗಿ ಕೂರುತ್ತಿದ್ದೆವು, ಪಕ್ಕದ ಮಗ್ಗ ನಡೆಯುತ್ತಿತ್ತು. ಅವಳಿಗೆ ನಿದ್ದೆಯಿರಲಿಲ್ಲ, ನನಗೂ ಇರಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಟವೆಲು ಕಾಣುತ್ತಿತ್ತು. ಅವಳಿಗೆ ಏನು ಕಾಣುತ್ತಿತ್ತೆಂದು ಕೇಳಬೇಕಾಗಿರಲಿಲ್ಲ. ಮಾಸ್ತರರು ಒಂದು ಸಲ ಬಾದಾಮಿಯಿಂದ ಬಂದು, ಒಂದೇ ನಂಬರಿನಲ್ಲಿ ಹಲವು ಮನೆ ಇವೆಯೆಂದು ನಾನು ಮೊದಲೇ ಹೇಳಬೇಕಿತ್ತು, ಹೊಳೆದಂಡೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅಂತ ಹೇಳಲಿಲ್ಲ ಎಂದರು. ಅವಳು ಅವರಿಗೆ ನೀರು ಕೊಟ್ಟಳು. ಅಷ್ಟೇ.

ಒಂದು ದಿನ ಬಸ್ಸಿನಲ್ಲಿ ಕಂಡಕ್ಟರನಿಗೆ ಹುನಗುಂದ ಒಂದು ಕೊಡ್ರಿ ಎಂದೆ. ಮುಂದಿನ ಸೀಟಿನ ಹೆಂಗಸು ತಿರುಗಿ ನಕ್ಕಳು.

“ನೀವ ಏನ್ರಿ ಹೊಳಿ ಫೋನಿನವರು? ನಿಮ್ಮ ದನಿ ಕೇಳೇ ನಾವು ಎದ್ದ ಬಂದ್ವಿ ನೋಡ್ರಿ.”

ಅವಳು ಕೃತಜ್ಞತೆಯಿಂದ ಹೇಳಿದಳು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ರಸ್ತೆಯ ಪಕ್ಕ ಕೂತೆ.

ಅಕ್ಕನ ಹತ್ತಿರ ಹೋಗಿ ಹೇಳಬೇಕು ಎಂದು ಗೆಳತಿ ನಿರ್ಧರಿಸಿದ್ದು ಹೊಳೆ ಪೂರ್ತಿ ಇಳಿದ ಮೇಲೆ. ನಾನೂ ಜೊತೆಗೆ ಹೋದೆ. ಅಕ್ಕ ಊರೊಳಗೆ ಎರಡು ಕೋಣೆಯ ಮನೆಯಲ್ಲಿದ್ದಳು. ಅಂಗಳದಲ್ಲಿ ಮೊದಲ ಎಮ್ಮೆ ಇತ್ತು, ಈಸಿ ಬದುಕಿದ್ದು. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. ಸೀರೆ ಅಂಗಡಿಯ ಕೋಷ್ಟಕ, ನಂಬರಿನ ಮುಂದಿನ ಗುರುತು, ಕೆಂಪು ಸಾಲು, ಬದಲಿಸಿದ ಪದ, ಯಾವುದನ್ನೂ ಬಿಡದೆ ತಂಗಿ ಹೇಳಿದಳು. ಅಕ್ಕ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು.

“ಗೊತ್ತೈತಿ. ಅಂಗಡ್ಯಾವ ಹೇಳ್ಯಾನ. ನನಗ ತಿಳೀಲಾರದ್ದು ಒಂದ. ನೀ ಯಾಕ ಫೋನ್ ಮಾಡೂದು ಬಿಟ್ಟಿ?”

ಅಕ್ಕ ನನ್ನ ಕಡೆ ತಿರುಗಿದಳು. ನೀನು ನೋಡಿದೆಯಂತೆ, ಅವರು ಕೂಗಿದರೇನು ಎಂದು ಕೇಳಿದಳು. ಇಲ್ಲ, ಎಮ್ಮೆ ತಿರುಗಿತು, ಅಷ್ಟೇ, ಕೂಗುವಷ್ಟು ಹೊತ್ತಿರಲಿಲ್ಲ ಎಂದೆ. ಅವಳು ತಲೆಯಾಡಿಸಿ ನಮ್ಮಿಬ್ಬರ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಮಾತಾಡಿದಳು.

“ಹೊಲಾ ಬಿಡಾಕ ಆಗೂದಿಲ್ಲ. ಗುಡಿ ಮಗ್ಗಲಕ ಗುಡಿಸಲಾ ಹಾಕ್ತೇನಿ. ಆ ಮಷಿನ್ ಒಗೀಬ್ಯಾಡ. ಅದರಾಗ ನನ್ನ ಮನಿ ಬರಿ. ನನ್ನ ಹೆಸರಿಲೆ ಬರಿ.”

ಗೆಳತಿ ತನ್ನ ಅಂಗಡಿ ತೆರೆದದ್ದು ಅದಾದ ಮೇಲೆ. ರಜೆ ಹಾಕಿ ನಾನೂ ಅವಳ ಜೊತೆ ದಂಡೆಯ ಊರುಗಳಿಗೆಲ್ಲ ಹೋದೆ. ಪ್ರತಿ ಊರಿನಲ್ಲೂ ನಂಬರಿನ ಒಡೆಯನನ್ನು ಹುಡುಕಿ, ಈ ನಂಬರಿನ ಹಿಂದೆ ಎಷ್ಟು ಮನೆಗಳಿವೆ ಎಂದು ಕೇಳಿದೆವು. ಒಂದು ಕಡೆ ಹಿಟ್ಟಿನ ಗಿರಣಿ, ಒಂದು ಕಡೆ ಪೂಜಾರಿ, ಒಂದು ಕಡೆ ಕ್ಷೌರದ ಅಂಗಡಿ. ನಂಬರ್ ನಂದಲ್ರಿ, ಊರಂದು, ನಾ ಬರೇ ಚಾರ್ಜ್ ಮಾಡ್ತೇನಿ ಎಂದು ಗಿರಣಿಯವನು ನಗೆಯಾಡಿದ. ಅವಳು ನಗಲಿಲ್ಲ, ಬರೆದುಕೊಂಡಳು. ಸ್ಕೀಮಾವನ್ನು ಮೊದಲಿನಿಂದ ಬರೆದಳು. ಮನೆಗಳದ್ದೇ ಒಂದು ಕೋಷ್ಟಕ, ನಂಬರುಗಳದ್ದೇ ಇನ್ನೊಂದು, ಒಂದು ನಂಬರಿಗೆ ಎಷ್ಟು ಮನೆಗಳಾದರೂ ಸೇರಬಹುದು. ಅದನ್ನು ಜಾರಿ ಮಾಡುವ ಕಮಾಂಡ್ ಕೊಟ್ಟಾಗ ಟೂಲ್‌ಕಿಟ್ ನಿಂತು ಕೇಳಿತು: ಈ ಬದಲಾವಣೆಯಿಂದ ಈಗಿರುವ ಮಾಹಿತಿ ಕಳೆದುಹೋಗಬಹುದು, ಮುಂದುವರಿಯಲೇ?

ಅವಳ ಬೆರಳು ಕೀಲಿಯ ಮೇಲೆ ಹಾಗೇ ಇತ್ತು. ಪಕ್ಕದ ಮಗ್ಗ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತಿತು. ಅವಳು ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕೊನೆಗೆ ನಾನು ಒತ್ತಿದೆ. ಹೊಸ ಪಟ್ಟಿ ತುಂಬಿಸುವಾಗ ಕೆಂಪು ಬರಲಿಲ್ಲ. ಆದರೂ ಅವಳು ಪ್ರತಿ ಸಾಲನ್ನೂ ಜೋರಾಗಿ ಓದಿದಳು, ನಾನು ಕಾಗದದಲ್ಲಿ ಟಿಕ್ ಹಾಕಿದೆ. ಮಾಸ್ತರರ ಹಾಜರಿಯ ಹಾಗೆ. ಆಮೇಲೆ ಮನೆಗಳ ಹೆಸರನ್ನು ಮುದ್ರಿಸಲು ಕೂತೆ. ಅಕ್ಕನ ಹೆಸರಿಗೆ ಬಂದಾಗ ಬಹಳ ಸಲ ಓದಬೇಕಾಯಿತು.

ಮತ್ತೆ ಮಳೆಗಾಲ ಬಂತು, ಮತ್ತೆ ಒಂದು ಬೆಳಿಗ್ಗೆ ನೀರು ಬಿಟ್ಟ ಸುದ್ದಿ ಬಂತು. ಅವಳು ಗುಂಡಿ ಒತ್ತುವ ಹೊತ್ತಿಗೆ ನಾವು ಇಳಕಲ್ಲಿನಲ್ಲಿ ಇರಲಿಲ್ಲ, ಅಕ್ಕನ ಊರಿನ ಕಿರಾಣಿ ಅಂಗಡಿಯ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆವು. ಅಂಗಡಿಯವನ ಫೋನು ರಿಂಗಾಯಿತು. ಅವನು ಸ್ಪೀಕರ್ ಹಾಕಿದ. ನನ್ನ ದನಿ ಮನೆಗಳನ್ನು ಒಂದೊಂದಾಗಿ ಕರೆಯಿತು. ಈ ಸಲ ಅವನು ಹ್ಞೂಂ ಯವ್ವಾ ಎನ್ನಲಿಲ್ಲ, ಪ್ರತಿ ಹೆಸರಿಗೂ ಒಂದು ಬೆರಳು ಮಡಚಿದ. ಅಕ್ಕನ ಹೆಸರು ಬಂತು. ಅವನು ನಮ್ಮ ಮುಖ ನೋಡದೆ ಸೈಕಲ್ ಹತ್ತಿದ.

ಮಧ್ಯಾಹ್ನವಾಗುವ ಮೊದಲೇ ಅಕ್ಕ ಹೊಲದ ಗುಡಿಸಲಿನಿಂದ ಎಮ್ಮೆ ಹೊಡೆದುಕೊಂಡು ಹಳ್ಳ ಹತ್ತಿ ಬಂದಳು. ತಲೆಯ ಮೇಲೆ ಹಾಸಿಗೆಯ ಗಂಟು, ಅದರ ಮೇಲೆ ಕುಡುಗೋಲು. ತಂಗಿ ಅಲ್ಲೇ ಕಟ್ಟೆಯ ಮೇಲೆ ಕುಸಿದು ಅತ್ತಳು. ಹೋದ ವರ್ಷ ಅತ್ತಿರಲಿಲ್ಲ. ಅಕ್ಕ ಎಮ್ಮೆಯನ್ನು ಕಟ್ಟಿ, ಮೇವು ಹಾಕಿ, ಆಮೇಲೆ ಬಂದು ಅವಳ ಪಕ್ಕ ಕೂತಳು. ಅದೇ ಅಂಗಡಿ, ಅದೇ ದನಿ, ಅದೇ ಸೈಕಲ್ಲು. ಆ ಸಲವೂ ಇಷ್ಟೇ ಸಾಕಾಗುತ್ತಿತ್ತು.

ಆ ರಾತ್ರಿ ಅಕ್ಕ ತನ್ನ ಎರಡು ಕೋಣೆಯ ಮನೆಯಲ್ಲಿ ಮೂವರಿಗೂ ಒಂದೇ ಸಾಲಿನಲ್ಲಿ ಹಾಸಿದಳು. ನಾನು ಟವೆಲಿಗಾಗಿ ಕಾಯುತ್ತ ಕಣ್ಣು ಮುಚ್ಚಿದ್ದು ನೆನಪಿದೆ. ಮುಂದಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಾಗಿಲಿನಿಂದ ಬಿಸಿಲು ಒಳಗೆ ಬಿದ್ದಿತ್ತು, ಪಕ್ಕದಲ್ಲಿ ಗೆಳತಿ ಬಾಯಿ ತೆರೆದುಕೊಂಡು, ಕಾಲೇಜಿನ ದಿನಗಳ ಹಾಗೆ, ಗಾಢವಾಗಿ ಮಲಗಿದ್ದಳು. ಆಚೆ ಅಕ್ಕನ ಹಾಸಿಗೆಯ ಮೇಲೆ ಹೊದಿಕೆಯ ಮಡಿಕೆ ಬಿಚ್ಚಿರಲಿಲ್ಲ.

ಅಕ್ಕ ಹೊರಗಿನಿಂದ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು, ಪಾದಕ್ಕೆ ಹಳ್ಳದ ಕೆಂಪುಮಣ್ಣು ಮೆತ್ತಿತ್ತು. ರಾತ್ರಿಯೆಲ್ಲ ಅಲ್ಲೇ ದಂಡೆಯ ಮೇಲೆ ಕೂತು ನೀರು ನೋಡುತ್ತಿದ್ದಳು.

“ಗುಡಿ ಕಟ್ಟಿ ತನಕ ಬಂದು ನಿಂತೈತಿ,” ಎಂದಳು ಮೆಲ್ಲಗೆ. “ಆಕಿನ್ನ ಎಬ್ಬಿಸಬ್ಯಾಡ. ಮಲಗ್ಲಿ.”